ಕೆಂಪಿಯ ಹೊಟ್ಟೆಯ ಅರಿಶಿನ

ವೈಟ್‌ಫೀಲ್ಡ್,
ನವೆಂಬರ್ ೧೪, ಶುಕ್ರವಾರ ಮಧ್ಯಾಹ್ನ

ಯಮುನಾಳ ಅಪ್ಪನವರಿಗೆ, ಮನೆಯಿಂದ ವನಜಾ ಮಾಡುವ ನಮಸ್ಕಾರ.

ಆರೋಗ್ಯ ಹೇಗಿದೆ? ಬಿ.ಪಿ. ಇಳಿಯಿತೇ? ಬೆಳಗಾಗೆದ್ದು ಹೊಟ್ಟೆಯ ಮೇಲೆ ತಣ್ಣನೆಯ ಮಣ್ಣಿನ ಪಟ್ಟಿ ಹಾಕಿ ಮಲಗಿಸುತ್ತಾರಂತೆ, ಆಮೇಲೆ ತೊಟ್ಟಿಯಲ್ಲಿ ಸೊಂಟದವರೆಗೆ ಮುಳುಗಿಸಿ ಕೂರಿಸುತ್ತಾರಂತೆ, ಯಮುನಾ ಹೇಳಿದಳು. ನನಗೆ ನಗು ತಡೆಯಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಬೇಸಿಗೆಯಲ್ಲೂ ಹಬೆಯಾಡುವ ನೀರಿಲ್ಲದೆ ಸ್ನಾನದ ಮನೆಗೆ ಕಾಲಿಡದ ಮನುಷ್ಯ ನೀವು! ಬೂದುಗುಂಬಳದ ರಸವನ್ನು ಕುಡಿಯುತ್ತಿದ್ದೀರೋ, ಯಾರೂ ನೋಡದಾಗ ಗಿಡದ ಬುಡಕ್ಕೆ ಸುರಿಯುತ್ತಿದ್ದೀರೋ? ಸುರಿಯಬೇಡಿ. ಡಾಕ್ಟರಮ್ಮ ಹೇಳಿದ್ದು ನೆನಪಿದೆಯಲ್ಲ, "ಯಜಮಾನ್ರಿಗೆ ಮೈಯೆಲ್ಲ ಉಷ್ಣ ಏರಿದೆ, ಸ್ವಲ್ಪ ದಿನ ಎಲ್ಲಾ ಬಿಟ್ಟು ತಣ್ಣಗಿರ್ಲಿ" ಅಂತ. ನಿಮ್ಮ ಫೋನನ್ನು ಅಲ್ಲಿನ ಆಫೀಸಿನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ, ಭಾನುವಾರ ಒಂದಿಷ್ಟು ಹೊತ್ತು ಕೊಟ್ಟರೆ ಅಷ್ಟೂ ಹೊತ್ತು ನೀವು ಪಿ.ಜಿ. ಕಟ್ಟಡದ ಮೋಟಾರು, ಮೂರನೇ ಮಹಡಿಯ ಹುಡುಗರ ಗಲಾಟೆ ಅಂತ ಅದನ್ನೇ ಕೇಳುತ್ತೀರಿ. ಮೋಟಾರು ಚೆನ್ನಾಗಿದೆ. ಹುಡುಗರೂ ಚೆನ್ನಾಗಿದ್ದಾರೆ. ನಾನು ಹೇಳಬೇಕಾದದ್ದು ಬೇರೆಯೇ ಇದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕಾದರೆ ನೀವು ನಡುವೆ ಬಾಯಿ ಹಾಕುವುದಕ್ಕಾಗುವುದಿಲ್ಲ.

ವಿಷಯ ಕೆಂಪಿಯದು. ಅಯ್ಯೋ, ಮುಖ ಗಂಟಿಕ್ಕಬೇಡಿ, ಪೂರ್ತಿ ಓದಿ. ಅತ್ತಿಬೆಲೆಯ ಆ ಪ್ರಕೃತಿ ಚಿಕಿತ್ಸಾಲಯಕ್ಕೆ ಹೊರಡುವ ದಿನ ಟ್ಯಾಕ್ಸಿಯಲ್ಲಿ ಕೂತು ನೀವು ಹೇಳಿದ ಕೊನೆಯ ಮಾತು, "ಹದಿನೈದ್ನೇ ತಾರೀಕು ಶನಿವಾರ ಪರಮಾನಂದ ಬರ್ತಾನೆ, ಕೆಂಪಿ ಕೀ ಕೊಟ್ಬಿಡು, ನಂಗೆ ಅದ್ರ ಮುಖ ನೋಡೋದೇ ಬೇಡ" ಅಂತ. ಹುಷಾರಾಗಿರು ಅಂತಲ್ಲ, ಊಟ ಮಾಡು ಅಂತಲ್ಲ. ಆ ಪರಮಾನಂದ ನಿಮ್ಮ ಹಳೆಯ ಸ್ನೇಹಿತನೇ ಇರಬಹುದು, ಆದರೆ ಹೊಸಕೋಟೆ ರಸ್ತೆಯ ತನ್ನ ರೆಸಾರ್ಟಿನ ಗೇಟಿನಲ್ಲಿ ನಿಲ್ಲಿಸಿ ಅದನ್ನು ಏನು ಮಾಡುತ್ತಾನೆ ಅಂತ ನನಗೆ ಬಾಯಿಬಿಟ್ಟು ಹೇಳಿದ್ದಾನೆ. ಬಾನೆಟ್ ಕಿತ್ತು, ಇಂಜಿನ್ ಇಳಿಸಿ, ಆ ಜಾಗಕ್ಕೆ ಗೊಬ್ಬರದ ಮಣ್ಣು ತುಂಬಿ ಹೂವಿನ ಗಿಡ ನೆಡುತ್ತಾನಂತೆ. ಬಂದವರೆಲ್ಲ ಅದಕ್ಕೆ ಒರಗಿ ಸೆಲ್ಫಿ ತೆಗೆದುಕೊಳ್ಳುತ್ತಾರಂತೆ. ನಮ್ಮ ಕೆಂಪಿ ಹೂಕುಂಡವಾಗಬೇಕಂತೆ! ಆ ಹೊತ್ತಿಗೆ ನಿಮ್ಮ ಬಿ.ಪಿ. ನೋಡಿ ನಾನು ಬಾಯಿ ಮುಚ್ಚಿಕೊಂಡಿದ್ದೆ, ಹೂಂ ಅನ್ನಲೂ ಇಲ್ಲ, ಊಹೂಂ ಅನ್ನಲೂ ಇಲ್ಲ. ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೆ ಶೆಡ್ಡಿಗೆ ಹೋಗಿ ಅದರ ಪಕ್ಕ ನಿಂತುಕೊಂಡು ಚೆನ್ನಾಗಿ ಅತ್ತೆ.

ನಿಮಗೆ ಅದು ಅಪ್ಪನ ಗಾಡಿ. ಮಾವನವರು ವೈಟ್‌ಫೀಲ್ಡಿನ ಒಳಸರ್ಕಲ್ಲಿನ ದೊರೆಗಳ ಮನೆಗೆ ದಿನವೂ ಹಾಲು ಹಾಕುತ್ತಿದ್ದುದು, ಆ ಮುದುಕ ದೊರೆ ಆಸ್ಟ್ರೇಲಿಯಾಕ್ಕೆ ಹೊರಟಾಗ "ನಂಜಪ್ಪ, ಇದನ್ನ ನೀನೇ ಇಟ್ಕೋ" ಅಂತ ಈ ಎರಡೇ ಸೀಟಿನ, ಸೂರಿಲ್ಲದ ಕೆಂಪು ಕಾರನ್ನು ಕೊಟ್ಟುಹೋದದ್ದು, ಬೇರೆ ಜಾಗವಿಲ್ಲದೆ ಅದನ್ನು ಕೊಟ್ಟಿಗೆಯಲ್ಲಿ ಕೆಂಪಿ ಹಸುವಿನ ಪಕ್ಕ ಕಟ್ಟಿದ್ದು, ಹಸುವಿನ ಹೆಸರೇ ಕಾರಿಗೂ ಅಂಟಿಕೊಂಡದ್ದು, ಇದೆಲ್ಲ ನಿಮಗೆ ಬಾಯಿಪಾಠ. ಬಂದವರಿಗೆಲ್ಲ ಹೇಳುತ್ತೀರಿ. ನನ್ನ ಕಥೆ ಯಾರಿಗೂ ಹೇಳುವುದಿಲ್ಲ. ನಮ್ಮ ಮದುವೆಯಾಗಿ ಸರ್ಜಾಪುರದಿಂದ ನನ್ನನ್ನು ಇದೇ ಕೆಂಪಿಯಲ್ಲಿ ಕೂರಿಸಿಕೊಂಡು ಹೊರಟಿರಲ್ಲ, ದೊಮ್ಮಸಂದ್ರ ದಾಟುವ ಮೊದಲೇ ಅದು ಬುಸ್ಸೆಂದು ಹಬೆ ಬಿಟ್ಟು ಹುಣಸೆಮರದ ಕೆಳಗೆ ನಿಂತುಬಿಟ್ಟಿತು. ಹಿಂದೆ ಬರುತ್ತಿದ್ದ ದಿಬ್ಬಣದ ವ್ಯಾನು ನಮ್ಮನ್ನು ನೋಡಿ ನಗುತ್ತಾ ಮುಂದೆ ಹೋಯಿತು. ನನ್ನ ತೊಡೆಯ ಮೇಲಿದ್ದ ಹಿತ್ತಾಳೆಯ ಕೊಡವನ್ನೇ ಎತ್ತಿಕೊಂಡು ನೀವು ನೀರು ತರಲು ಓಡಿದಿರಿ. ಅಲ್ಲಿಯವರೆಗೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ನೀವು ಬಂದು, ಬೆವರು ಒರೆಸಿಕೊಂಡು, "ಭಯ ಆಗ್ತಿದ್ಯಾ?" ಅಂದಿರಿ. ನಾನು "ನಂಗಲ್ಲ, ನಿಮ್ಮ ಗಾಡಿಗೆ" ಅಂದೆ. ಆವತ್ತು ನೀವು ನಕ್ಕ ಹಾಗೆ ಆಮೇಲೆ ಎಷ್ಟು ಸಲ ನಕ್ಕಿದ್ದೀರಿ ಹೇಳಿ? ಇಂಜಿನ್ ಆರುವವರೆಗೂ ಮಾತಾಡಿದೆವು. ಮನೆಯಲ್ಲಿ ನೀವು ಮಾತಾಡುವ ಪೈಕಿಯಲ್ಲ, ಊಟಕ್ಕೆ ಕೂತರೆ ಪೇಪರು, ಎದ್ದರೆ ಫೋನು. ಮಗಳಿಗೆ ಯಮುನಾ ಅಂತ ಹೆಸರಿಟ್ಟದ್ದು ಕೆಂಪಿ ವರ್ತೂರು ಕೆರೆಯ ಏರಿಯ ಮೇಲೆ ಕುದಿದು ನಿಂತಾಗ. ಅತ್ತೆಯವರು ತೀರಿಕೊಂಡ ವರ್ಷ ನೀವು ಅತ್ತದ್ದು ಕಾಡುಗೋಡಿ ಗೇಟಿನ ಹತ್ತಿರ ಬಾನೆಟ್ ಎತ್ತಿಟ್ಟು ಕಾಯುವಾಗ. ಬೇರೆ ಗತಿಯಿಲ್ಲದೆ ನನ್ನ ಪಕ್ಕ ಕೂತು ಮಾತಾಡಿದ್ದೆಲ್ಲ ಕೆಂಪಿಯ ಪುಣ್ಯದಿಂದ. ಅಂಥದ್ದನ್ನು ಕೊಟ್ಬಿಡು ಅಂದರೆ ನಾನು ಹೇಗೆ ಕೊಡಲಿ?

ಈಗ ದೀಪಾವಳಿಯ ದಿನಕ್ಕೆ ಬರುತ್ತೇನೆ. ಬೀಗರನ್ನು ಆಟೋದಲ್ಲಿ ಕರೆತಂದರೆ ಚೆನ್ನಾಗಿರಲ್ಲ ಅಂತ ನೀವೇ ಕೆಂಪಿಯನ್ನು ತೊಳೆದು ಮೆಟ್ರೋ ಸ್ಟೇಷನ್ನಿಗೆ ಹೋದಿರಿ. ಆಮೇಲೆ ಏನಾಯಿತು ಅಂತ ನೀವು ಹೇಳಲೇ ಇಲ್ಲ, ಕೋಣೆಯ ಬಾಗಿಲು ಹಾಕಿಕೊಂಡಿರಿ. ನನಗೆ ಹೇಳಿದವರು ಬೀಗರು ರಾಮಪ್ರಸಾದ ಅವರೇ. ಹೋಪ್‌ಫಾರ್ಮ್ ಸಿಗ್ನಲ್ಲಿನಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೀಟಿಗೆ ಏರಿತಂತೆ. ಇಂಜಿನ್ನಿನ ಶಾಖ ಸ್ವಲ್ಪವಾದರೂ ಕಡಿಮೆಯಾಗಲಿ ಅಂತ ನೀವು ಹೀಟರು ಹಾಕಿದಿರಂತೆ. ಮೇಲೆ ಮಟಮಟ ಬಿಸಿಲು, ಕೆಳಗೆ ಹೀಟರು, ನಡುವೆ ರೇಷ್ಮೆಯಂಚಿನ ಪಂಚೆ ಉಟ್ಟ ಬೀಗರು! "ಬೀಗ್ತಿ, ಕಾಲು ಕೋಡುಬಳೆ ಆಗೋದಿತ್ತು" ಅಂತ ಅವರೇ ನಗುತ್ತಾ ಹೇಳಿದರು. ಆಮೇಲೆ ಐ.ಟಿ. ಪಾರ್ಕಿನ ಗೇಟಿನ ಎದುರು, ಅಷ್ಟೂ ಸೆಕ್ಯೂರಿಟಿಯವರು ನೋಡುತ್ತಿರುವಾಗ, ನೀವು ಇಂಜಿನ್ ಆರುವ ಮೊದಲೇ ಟವೆಲು ಹಿಡಿದು ರೇಡಿಯೇಟರ್ ಮುಚ್ಚಳ ತಿರುಗಿಸಿದಿರಿ. ಬುಗ್ಗೆ ಮೇಲಕ್ಕೆ ಚಿಮ್ಮಿ ಬೀಗರ ಹೊಸ ಅಂಗಿಯ ಮೇಲೆ ಬಿತ್ತು. ದೇವರು ದೊಡ್ಡವನು, ಅವರು ದೂರದಲ್ಲಿ ನಿಂತಿದ್ದರು, ಮೈಗೆ ಏನೂ ಆಗಲಿಲ್ಲ. ಆದರೆ ನಿಮಗೆ ಮಾನ ಹೋದಂತಾಯಿತು. ಮಗಳನ್ನು ಕೊಟ್ಟ ಮನೆಯವರ ಮೇಲೆ ಕೊಳೆನೀರು ಎರಚಿದೆನಲ್ಲ ಅಂತ ಹಬ್ಬದೂಟವನ್ನೂ ಮಾಡಲಿಲ್ಲ. ಸಂಜೆಗೆ ತಲೆಸುತ್ತು, ಬಿ.ಪಿ., ಡಾಕ್ಟರು. ಅಲ್ಲಿಗೆ ಕೆಂಪಿಗೂ ನಿಮಗೂ ಒಂದೇ ಕಾಯಿಲೆ ಅಂತ ನನಗೆ ಖಾತ್ರಿಯಾಯಿತು.

ಬೀಗರು ಆವತ್ತು ನಿಮ್ಮ ಅಂಗಿ ಹಾಕಿಕೊಂಡು ಊಟ ಮಾಡಿ ಹೋದರು. ಅವರ ಅಂಗಿ ನಿಮ್ಮ ಗಡಿಬಿಡಿಯಲ್ಲಿ ಬಚ್ಚಲಿನ ಮೂಲೆಯಲ್ಲೇ ಉಳಿದುಬಿಟ್ಟಿತ್ತು. ನೀವು ಹೋದ ಮಾರನೆಯ ದಿನ ಸಿಕ್ಕಿತು. ಬಿಳಿ ಅಂಗಿಯ ತುಂಬ ಹಳದಿ ಹಳದಿ ಮಚ್ಚೆ. ತುಕ್ಕಿನ ನೀರು, ಮೆಷಿನ್ನಿಗೆ ಹಾಕಿದರೆ ಉಳಿದ ಬಟ್ಟೆಗೂ ಹತ್ತುತ್ತದೆ ಅಂತ ಕಲ್ಲಿನ ಮೇಲೆ ಹಾಸಿ ಬಾರ್ ಸೋಪು ಉಜ್ಜಿದೆ. ಉಜ್ಜಿದ ಕಡೆಯೆಲ್ಲ ರಕ್ತದ ಹಾಗೆ ಕೆಂಪಾಯಿತು ಕಣ್ರೀ! ಸೋಪು ಕೈಬಿಟ್ಟು ಎದ್ದು ನಿಂತೆ. ಆಮೇಲೆ ಒಬ್ಬಳೇ ಬಚ್ಚಲಲ್ಲಿ ಕೂತು ಜೋರಾಗಿ ನಕ್ಕುಬಿಟ್ಟೆ. ಮದುಮಕ್ಕಳಿಗೆ ಎಷ್ಟು ಸಲ ಕೆಂಪಾರತಿ ಕಲಸಿಲ್ಲ ನಾನು? ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಆಗುವ ಬಣ್ಣವೇ ಅದು, ಸೋಪು ತಾಗಿದರೂ ಅಷ್ಟೇ. ತುಕ್ಕು ಎಲ್ಲಿಯಾದರೂ ಸೋಪಿಗೆ ಕೆಂಪಾಗುತ್ತದೆಯೇ? ಅಂಗಿಯ ಮೇಲಿದ್ದದ್ದು ಅಪ್ಪಟ ಅರಿಶಿನ. ಕೆಂಪಿಯ ಹೊಟ್ಟೆಯೊಳಗಿಂದ ಬಂದ ಅರಿಶಿನ.

ಈಗ ನೆನಪಾಯಿತೇ? ಪ್ರತಿ ಆಯುಧಪೂಜೆಗೆ ನಮ್ಮ ಮನೆಯಲ್ಲಿ ನಡೆಯುವ ಪದ್ಧತಿ. ಎಲ್ಲರೂ ಗಾಡಿಗೆ ಹೂ ಹಾಕುತ್ತಾರೆ, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತಾರೆ, ಕುಂಬಳಕಾಯಿ ಒಡೆಯುತ್ತಾರೆ. ನಾವು ಮಾತ್ರ ಅದೆಲ್ಲ ಮುಗಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ಒಂದು ಹಿಡಿ ಅರಿಶಿನ ಹಾಕುತ್ತೇವೆ. ಅತ್ತೆಯವರು ಇದ್ದಾಗ "ಒಟ್ಟೆ ತಣ್ಣಗಿರ್ಲಿ ತಾಯೀ" ಅಂತ ಕೈಮುಗಿದು ಹಾಕುತ್ತಿದ್ದರು. ಅವರ ನಂತರ ನೀವು, ಅದೂ ಮಡಿಯಲ್ಲಿ, ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಈ ವರ್ಷ ಒಂದು ಹಿಡಿ ಸಾಲದು, ಬೀಗರು ಬರುವವರಿದ್ದಾರೆ ಅಂತ ಎರಡು ಹಿಡಿ ಹಾಕಿದಿರಿ! ನಾನು ಬೀಗರಿಗೆ ಫೋನು ಮಾಡಿ ಹೀಗೆ ಹೀಗೆ ಅಂದೆ. ಅವರು ನಕ್ಕರು ನೋಡಿ, ಫೋನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಹಿಂದಿನ ಕಾಲದ ಲಾರಿ ಡ್ರೈವರುಗಳು ದಾರಿಯಲ್ಲಿ ರೇಡಿಯೇಟರು ಸೋರಿದರೆ ಅರಿಶಿನದ ಪುಡಿ ಹಾಕುತ್ತಿದ್ದರಂತೆ, ಅದು ಊದಿಕೊಂಡು ತೂತು ಮುಚ್ಚುತ್ತಿತ್ತಂತೆ. ಆಗ ನನಗೆ ಅತ್ತೆಯವರು ಹೇಳುತ್ತಿದ್ದದ್ದು ಹೊಳೆಯಿತು, ಯಾವುದೋ ಒಂದು ಆಯುಧಪೂಜೆಯ ದಿನ ಕೆಂಪಿ ಸೋರುತ್ತಿತ್ತಂತೆ, ಮಾವನವರು ಅರಿಶಿನ ಹಾಕಿದ ಕೂಡಲೇ ನಿಂತಿತಂತೆ, "ಅಮ್ಮ ಒಲಿದ್ಲು" ಅನ್ನುತ್ತಿದ್ದರು. ಮಾವನವರು ಮಾಡಿದ್ದು ರಿಪೇರಿ. ಅತ್ತೆಯವರು ಮಾರನೆಯ ವರ್ಷ ಅದನ್ನು ಪೂಜೆ ಮಾಡಿದರು. ನೀವು ಅದನ್ನು ವ್ರತ ಮಾಡಿಬಿಟ್ಟಿರಿ.

ಬೀಗರು ಮಾರನೆಯ ಬೆಳಿಗ್ಗೆಯೇ ಜಾಲಹಳ್ಳಿಯಿಂದ ಸ್ಪಾನರಿನ ಪೆಟ್ಟಿಗೆ ಹಿಡಿದು ಬಂದಿಳಿದರು. ಫ್ಯಾಕ್ಟರಿಯ ಟೂಲ್‌ರೂಮಿನಲ್ಲಿ ಅಷ್ಟು ವರ್ಷ ದುಡಿದವರು, ರಿಟೈರಾದ ಮೇಲೆ ಮನೆಯ ನಲ್ಲಿಯ ವಾಷರು ಬದಲಾಯಿಸಿಕೊಂಡು ಕೂತಿದ್ದಾರೆ ಪಾಪ. ಒಂದು ಲೋಟ ಕಾಫಿ ಕುಡಿದು, ನಿಮ್ಮ ಹಳೇ ಲುಂಗಿ ಕೇಳಿ ಉಟ್ಟುಕೊಂಡು ಕೆಂಪಿಯ ಕೆಳಗೆ ತೂರಿದರು. ಬೀಗರನ್ನು ಹಾಗೆ ನೆಲದ ಮೇಲೆ ಮಲಗಿಸಿ ನಾನು ಟಾರ್ಚು ಹಿಡಿದು ನಿಂತದ್ದನ್ನು ನೀವು ನೋಡಿದ್ದರೆ ಇನ್ನೊಂದು ಸಲ ಬಿ.ಪಿ. ಏರುತ್ತಿತ್ತು. ರೇಡಿಯೇಟರು ಬಿಚ್ಚಿ, ನನ್ನ ಹಳೆಯ ಸೀರೆಯಲ್ಲಿ ಸುತ್ತಿ, ಗೋಣಿಚೀಲಕ್ಕೆ ಹಾಕಿಕೊಂಡು ಮೆಟ್ರೋ ಹತ್ತಿದೆವು. ಸ್ಟೇಷನ್ನಿನ ತಪಾಸಣೆಯ ಹೆಣ್ಣುಮಗಳು "ಏನಮ್ಮ ಇದು?" ಅಂದಳು. ನಾನು ಗಾಬರಿಯಲ್ಲಿ "ನಮ್ಮ ಕೆಂಪಿದು, ಹೊಟ್ಟೆ ಕಟ್ಕೊಂಡಿದೆ" ಅಂದುಬಿಟ್ಟೆ. ಅವಳು ಚೀಲ ನೋಡಿದಳು, ನನ್ನನ್ನು ನೋಡಿದಳು. ಬೀಗರು ಮುಂದೆ ಬಂದು ಗಂಭೀರವಾಗಿ ವಿವರಿಸದಿದ್ದರೆ ನಮ್ಮಿಬ್ಬರನ್ನೂ ಅಲ್ಲೇ ಕೂರಿಸುತ್ತಿದ್ದರೋ ಏನೋ.

ಪೀಣ್ಯದಲ್ಲಿ ಬೀಗರ ಪರಿಚಯದ ಮಲ್ಲಿಕ್ ಅಂತ ಒಬ್ಬನ ರೇಡಿಯೇಟರ್ ಅಂಗಡಿಯಿದೆ. ಬಾಯಿಬಡುಕ, ಆದರೆ ಒಳ್ಳೆ ಕೆಲಸಗಾರ. ನೋಡಿದ ತಕ್ಷಣ "ಇದು ಆಯ್ತು ಅಕ್ಕ, ಗುಜರಿಗೆ ಹಾಕಿ, ಹೊಸ್ದು ಮಾಡಿಕೊಡ್ತೀನಿ" ಅಂದ. ಬೀಗರು ಬಿಡಲಿಲ್ಲ. ಬೆಸುಗೆ ಬಿಡಿಸಿ ಮೇಲಿನ ತೊಟ್ಟಿ ಎತ್ತಿದಾಗ ಮೂವರೂ ಬಗ್ಗಿ ನೋಡಿದೆವು. ಒಳಗೆ ಸಪೂರ ಕೊಳವೆಗಳು ಸಾಲಾಗಿ ನಿಂತಿರುತ್ತವೆ, ಇಂಜಿನ್ನಿನ ಬಿಸಿನೀರು ಅವುಗಳಲ್ಲಿ ಇಳಿಯುತ್ತಾ ಎದುರುಗಾಳಿಗೆ ತಣ್ಣಗಾಗಿ ವಾಪಸು ಹೋಗಬೇಕು. ಇಳಿಯಲು ದಾರಿಯೆಲ್ಲಿ! ನಮ್ಮ ಬೋರ್‌ವೆಲ್ಲಿನ ಸುಣ್ಣದ ನೀರು, ಅದರ ಮೇಲೆ ವರ್ಷ ವರ್ಷದ ಅರಿಶಿನ, ಎರಡೂ ಸೇರಿ ಗಾರೆ ಹಾಕಿದಂತೆ ಗಟ್ಟಿಯಾಗಿತ್ತು. ಮಲ್ಲಿಕ್ ಕಣ್ಣರಳಿಸಿ, "ಅಕ್ಕಾ, ಯಾರ್ದು ಮದುವೆ? ಇಷ್ಟೊಂದು ಅರಿಶಿನ!" ಅಂದ. ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದು ನೋಡಿ ಹೋದರು. ನಿಮ್ಮ ಹೆಸರು ನಾನು ಹೇಳಲಿಲ್ಲ ಬಿಡಿ, ಅಷ್ಟು ಮರ್ಯಾದೆ ಉಳಿಸಿದ್ದೇನೆ. ಸಲಾಕಿ ತೂರಿಸಿ ಒಂದೊಂದೇ ಕೊಳವೆ ಬಿಡಿಸಿ, ತೊಳೆದು, ಮತ್ತೆ ಬೆಸೆದುಕೊಟ್ಟ.

ಬೀಗರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ನೀರಿಗೆ ಅಡ್ಡವಾಗುತ್ತದೆ ಅಂತ ನೀವು ಯಾವತ್ತೋ ಕಿತ್ತೆಸೆದ ಥರ್ಮೋಸ್ಟಾಟಿನ ಜಾಗಕ್ಕೆ ಹೊಸದು ಕೂರಿಸಿದರು. ಅದಿಲ್ಲದಿದ್ದರೆ ಅರ್ಧ ನೀರು ರೇಡಿಯೇಟರಿಗೆ ಬಾರದೆ ಇಂಜಿನ್ನಿನೊಳಗೇ ಅಡ್ಡದಾರಿಯಲ್ಲಿ ಸುತ್ತುತ್ತದಂತೆ. ಫ್ಯಾನಿನ ಸುತ್ತ ತಗಡಿನ ಕವಚ ಮಾಡಿ ಹಾಕಿದರು, ಗಾಳಿ ಆಚೀಚೆ ಸೋರದೆ ರೇಡಿಯೇಟರಿನ ಮೂಲಕವೇ ಹಾಯಲಿ ಅಂತ. ಒಲೆಗೆ ಊದುಗೊಳವೆ ಇದ್ದ ಹಾಗೆ ಅಂದರೆ ನಿಮಗೂ ಅರ್ಥವಾಗುತ್ತದೆ. ಇನ್ನು ಬೋರ್‌ವೆಲ್ ನೀರು ಬಂದ್, ಹಸಿರು ಶರಬತ್ತಿನ ಹಾಗಿರುವ ಕೂಲೆಂಟು ಬೆರೆಸಿದ ಶುದ್ಧ ನೀರು ಮಾತ್ರ. ಮುಂದಿನ ಆಯುಧಪೂಜೆಗೆ ಅರಿಶಿನ ಕುಂಕುಮ ಎರಡೂ ಬಾನೆಟ್ಟಿನ ಮೇಲೆ, ಒಳಗೆ ಒಂದು ಚಿಟಿಕೆಯೂ ಇಲ್ಲ. ಅತ್ತೆಯವರ ಫೋಟೋದ ಮುಂದೆ ನಿಂತು ಒಪ್ಪಿಗೆ ಕೇಳಿದ್ದೇನೆ. ಹೊಟ್ಟೆ ತಣ್ಣಗಿರಲಿ ಅನ್ನುವುದೇ ತಾನೇ ಅವರ ಆಸೆ.

ನಿನ್ನೆ ಸಂಜೆ, ಕಂಪನಿಗಳೆಲ್ಲ ಬಿಡುವ ಹೊತ್ತಿಗೆ ಸರಿಯಾಗಿ, ಬೇಕೆಂದೇ ಕೆಂಪಿಯನ್ನು ರಸ್ತೆಗಿಳಿಸಿದೆವು. ಬೀಗರು ಸೀಟಿನ ಮುಂದಿನ ಹಿಡಿಯನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಳ್ಳಿನ ಮೇಲಿಟ್ಟು ಕೂತಿದ್ದರು. ಹೋಪ್‌ಫಾರ್ಮ್ ಸಿಗ್ನಲ್ಲಿನಲ್ಲಿ ಮುಂದೆ ಟ್ಯಾಂಕರು, ಹಿಂದೆ ಬಸ್ಸು, ಪಕ್ಕದಲ್ಲಿ ಬೈಕಿನ ಹುಡುಗರು "ಸಕ್ಕತ್ ಗಾಡಿ ಗುರು" ಅನ್ನುತ್ತಿದ್ದಾರೆ, ದೀಪ ಹಸಿರಾಗಿ ಮತ್ತೆ ಕೆಂಪಾಯಿತು, ನಾವು ಅಲ್ಲಾಡಲಿಲ್ಲ, ಮುಳ್ಳೂ ಅಲ್ಲಾಡಲಿಲ್ಲ. ನಡುಮಧ್ಯದಲ್ಲಿ ಜಾಣ ಮಗುವಿನ ಹಾಗೆ ನಿಂತಿತ್ತು. ಐ.ಟಿ. ಪಾರ್ಕಿನ ಅದೇ ಗೇಟಿನ ಮುಂದೆ ಬೀಗರು ಸೆಕ್ಯೂರಿಟಿಯವರಿಗೆ ಕೈಬೀಸಿದರು. ನನಗೆ ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಬಂದದ್ದೇ, ಆದರೆ ಸ್ವಲ್ಪ ಹೆದರಿಕೆಯೂ ಆಯಿತು. ಇನ್ನು ಇದು ಕುದಿಯುವುದಿಲ್ಲವಲ್ಲ ಅಂತ. ಮನೆಗೆ ಬಂದಮೇಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಇನ್ನೊಂದು ಮಾತು. ಬೀಗರಿಗೆ ನಿಮ್ಮ ಮೇಲೆ ಎಳ್ಳಷ್ಟೂ ಬೇಸರವಿಲ್ಲ. ಆ ಅಂಗಿಯ ಕಲೆ ಪೂರ್ತಿ ಹೋಗಲಿಲ್ಲ, ಬೇರೆ ತಂದುಕೊಡುತ್ತೇನೆ ಅಂದರೆ ಅವರೇ ಬೇಡವೆಂದು ಅದನ್ನು ಮಡಿಸಿ ತೆಗೆದುಕೊಂಡು ಹೋದರು. ಇನ್ನು ಮುಂದೆ ಕೆಂಪಿ ಕೆಲಸಕ್ಕೆ ಅದೇ ಅಂಗಿಯಂತೆ. ನೀವು ಬಾಗಿಲು ಹಾಕಿಕೊಂಡು ಕೂತದ್ದೇ ಅವರಿಗೆ ನೋವಾದದ್ದು. ಬಂದ ಮೇಲೆ ನೀವಾಗಿಯೇ ಒಂದು ಫೋನು ಮಾಡಿ.

ಯಮುನಾ, ಅಳಿಯಂದಿರು ಚೆನ್ನಾಗಿದ್ದಾರೆ, ನಿಮ್ಮ ಕಾಲಿಗೆ ಬಿದ್ದೆವೆಂದು ಬರೆಯಲು ಹೇಳಿದ್ದಾರೆ. ಬೀಗರ ನಮಸ್ಕಾರ. ಮಣ್ಣಿನ ಪಟ್ಟಿ ಬಿಡಬೇಡಿ, ರಸ ಚೆಲ್ಲಬೇಡಿ. ನಿಮ್ಮ ಮೈ ಮನಸ್ಸು ಎರಡೂ ತಂಪಾಗಿರಲಿ ಅಂತ ದಿನವೂ ದೀಪ ಹಚ್ಚುವಾಗ ಕೇಳಿಕೊಳ್ಳುತ್ತಿದ್ದೇನೆ.

ಇಂತಿ ನಿಮ್ಮ,
ವನಜಾ

ತಾ.ಕ.: ಶನಿವಾರ ಬೆಳಿಗ್ಗೆ ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆ ಆಫೀಸು ಮುಚ್ಚುವುದರೊಳಗೆ ಹಾಕಬೇಕು. ಈಗಷ್ಟೇ ಪರಮಾನಂದ ಬಂದಿದ್ದ, ಗಾಡಿ ಎಳೆಯುವ ಲಾರಿ ಸಮೇತ. ಕೀ ಕೊಡಲಿಲ್ಲ. ಕಾಫಿ ಕೊಟ್ಟು ಕಳಿಸಿದೆ. ನಿಮಗೆ ಕೋಪ ಬರುತ್ತದೆ, ಗೊತ್ತು, ಮೊದಲು ತೊಟ್ಟಿಯಲ್ಲಿ ಕೂತು ಆಮೇಲೆ ಮುಂದೆ ಓದಿ. ಮೊನ್ನೆ ಸಂಜೆಯ ವಿಷಯದಲ್ಲಿ ಒಂದು ಮಾತು ಬರೆಯಲಿಲ್ಲ. ಹೋಪ್‌ಫಾರ್ಮ್ ಸಿಗ್ನಲ್ಲಿನಲ್ಲಿ ಕೆಂಪಿಯನ್ನು ಓಡಿಸುತ್ತಿದ್ದವರು ಬೀಗರಲ್ಲ, ನಾನು. ಗೌರಿಹಬ್ಬದ ಮೊದಲೇ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದೆ, ನೀವು ನಾನು ಭಜನೆಗೆ ಹೋಗುತ್ತೇನೆಂದು ತಿಳಿದಿದ್ದಿರಿ. ಲೈಸೆನ್ಸ್ ಬಂದಿದೆ. ಮುಂದಿನ ಭಾನುವಾರವಲ್ಲ, ಅದರಾಚೆಯ ಭಾನುವಾರ ನಿಮ್ಮನ್ನು ಬಿಡುತ್ತಾರಲ್ಲ, ಟ್ಯಾಕ್ಸಿ ಹೇಳಬೇಡಿ. ನಾನೇ ಬರುತ್ತೇನೆ, ಕೆಂಪಿಯಲ್ಲಿ. ಎಡಗಡೆ ಕೂರಬೇಕು, ಗೇರು ಕ್ಲಚ್ಚು ಅಂತ ಉಪದೇಶ ಮಾಡಬಾರದು. ದೊಮ್ಮಸಂದ್ರದ ಹುಣಸೆಮರ ಈಗಿಲ್ಲ, ಅಲ್ಲೊಂದು ಬೇಕರಿ ಬಂದಿದೆ. ಕೆಂಪಿ ಕುದಿಯಲಿ ಬಿಡಲಿ, ನಾನು ಅಲ್ಲಿ ನಿಲ್ಲಿಸುತ್ತೇನೆ. ಬಾನೆಟ್ಟೂ ಎತ್ತುತ್ತೇನೆ. ಏನಾದರೂ ಮಾತಾಡಲು ಈಗಿನಿಂದಲೇ ಯೋಚಿಸಿಟ್ಟುಕೊಳ್ಳಿ.